ಗಟ್ಟಿ ಸದ್ದಿಗೆ ತರಂಗಾಂತರವಿಲ್ಲ

ಜಡೆ ಹೋಬಳಿಯಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಬೆಳೆದವರಿಗೆ ಎರಡು ಸಂಖ್ಯೆಗಳು ಬಾಯಿಪಾಠ. ಮೀಡಿಯಂ ವೇವ್‌ನ ಮುಳ್ಳನ್ನು 675ಕ್ಕೆ ನಿಲ್ಲಿಸಿದರೆ ಭದ್ರಾವತಿ, ಸ್ವಲ್ಪ ಸರಿಸಿ 765ಕ್ಕೆ ತಂದರೆ ಧಾರವಾಡ. ಸೊರಬ ತಾಲ್ಲೂಕಿನ ಈ ಮೂಲೆ ಕಾಗದದ ಮೇಲೆ ಶಿವಮೊಗ್ಗ ಜಿಲ್ಲೆ. ಆದರೆ ಹಾನಗಲ್ಲು, ಬನವಾಸಿಗಳ ಮಗ್ಗುಲಲ್ಲೇ ಇರುವುದರಿಂದ ಕಿವಿ ಮಾತ್ರ ಎರಡೂ ಕಡೆಗೆ. ಎರಡು ಸ್ಟೇಷನ್‌ಗಳಲ್ಲೇ ರೈತರ ಕಾರ್ಯಕ್ರಮ, ನಾಟಕ, ಹಿಂದೂಸ್ತಾನಿ, ವಚನ, ಜಾನಪದ, ಚಿತ್ರಗೀತೆ ಎಲ್ಲವೂ ಸಿಗುತ್ತಿತ್ತು. ಇಷ್ಟವಾಗದ್ದು ಬಂದಾಗ ಬೈದುಕೊಂಡಾದರೂ ಕೇಳುತ್ತಿದ್ದೆವು.

ಇಲ್ಲಿಂದ ಬೆಂಗಳೂರಿಗೆ ಹೋಗಿ ಕೆಲಸ ಹಿಡಿದ ಹುಡುಗರ ಸುತ್ತ ಈಗ ಹತ್ತಕ್ಕೂ ಮಿಕ್ಕಿ ಎಫ್‌ಎಂ ಸ್ಟೇಷನ್‌ಗಳಿವೆ. ಹಬ್ಬಕ್ಕೆ ಬಂದಿದ್ದ ಅಣ್ಣನ ಮಗ, ಗಿಟಾರ್ ಹುಚ್ಚಿನವನು, ಒಮ್ಮೆ ಅಂದ: "ಚಿಕ್ಕಪ್ಪ, ಒಂದು ಬಿಟ್ಟು ಇನ್ನೊಂದು ಹಾಕಿದ್ರೂ ಅದೇ ಹಾಡು. ಹಾರ್ಡ್ ರಾಕ್‌ಗೆ ಒಂದಾದ್ರೂ ಸ್ಟೇಷನ್ ಬೇಡ್ವಾ?" ಹುಡುಗನ ಗೊಣಗಾಟ ಎಂದು ತಳ್ಳಿಹಾಕುವಂಥ ಪ್ರಶ್ನೆ ಇದಲ್ಲ. ನಗರ ದೊಡ್ಡದಾದಂತೆ ಗಾಳಿಯಲ್ಲಿ ಕೇಳುವ ಸಂಗೀತದ ಬಗೆಗಳು ಏಕೆ ಕಡಿಮೆಯಾಗುತ್ತವೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಇದು ಒಳ್ಳೆಯ ದಾರಿ.

ಹಾರ್ಡ್ ರಾಕ್ ಅಂದರೆ ಏನೆಂದು ಕೇಳುವವರಿಗೆ ಚುಟುಕಾಗಿ ಹೇಳುವುದಾದರೆ, ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒರಟು ಮಾಡಿ, ಭಾರವಾದ ಡ್ರಮ್ಮಿನ ಮೇಲೆ ಕೂರಿಸಿ, ಗಂಟಲು ಬಿಚ್ಚಿ ಹಾಡುವುದು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಲೆಡ್ ಝೆಪ್ಪೆಲಿನ್, ಡೀಪ್ ಪರ್ಪಲ್, ಬ್ಲ್ಯಾಕ್ ಸಬ್ಬತ್ ತಂಡಗಳು ಇದಕ್ಕೊಂದು ರೂಪ ಕೊಟ್ಟವು. ಹೆವಿ ಮೆಟಲ್ ಅದರದೇ ಇನ್ನೂ ಗಟ್ಟಿ ಕವಲು. ಈ ಸಂಗೀತಕ್ಕೆ ಭಾರತದಲ್ಲಿ ರಾಜಧಾನಿ ಅಂತ ಒಂದಿದ್ದರೆ ಅದು ಬೆಂಗಳೂರೇ. ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು 2007ರ ಮಾರ್ಚ್‌ನಲ್ಲಿ, ಅರಮನೆ ಮೈದಾನದಲ್ಲಿ. ಮೆಟಾಲಿಕಾದ ದೆಹಲಿ ಕಡೆಯ ಕಾರ್ಯಕ್ರಮ ಗದ್ದಲದಲ್ಲಿ ರದ್ದಾಗಿ, ಅವರ ಮೊದಲ ಭಾರತೀಯ ಕಛೇರಿಯ ಭಾಗ್ಯ 2011ರ ಅಕ್ಟೋಬರ್ 30ರಂದು ಬೆಂಗಳೂರಿಗೇ ದಕ್ಕಿತು. ಅದಕ್ಕೂ ಮೊದಲು 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಹೋಗಿದ್ದರು. ಊರಿನದೇ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಿಂದ ನುಡಿಸುತ್ತಿದೆ. ಕ್ರಿಪ್ಟೋಸ್ ಎಂಬ ಮೆಟಲ್ ತಂಡ ಜರ್ಮನಿಯ ವಾಕನ್ ಉತ್ಸವದ ವೇದಿಕೆವರೆಗೆ ಹೋಗಿ ಬಂದಿದೆ. ನ್ಯಾಷನಲ್ ಲಾ ಸ್ಕೂಲಿನ ಹುಡುಗರು ನಡೆಸುವ ಸ್ಟ್ರಾಬೆರಿ ಫೀಲ್ಡ್ಸ್ ಸ್ಪರ್ಧೆಗೆ ದೇಶದೆಲ್ಲೆಡೆಯ ತಂಡಗಳು ಬರುತ್ತಿದ್ದವು.

ಇಷ್ಟೆಲ್ಲ ಇದ್ದೂ ಈ ಸಂಗೀತಕ್ಕೆಂದೇ ಮೀಸಲಾದ ಎಫ್‌ಎಂ ಸ್ಟೇಷನ್ ಬೆಂಗಳೂರಿನಲ್ಲಿ ಇಲ್ಲ. 2006ರಲ್ಲಿ ಶುರುವಾದ ಇಂಡಿಗೋ 91.9 ಇಂಗ್ಲಿಷ್ ಹಾಡುಗಳಿಗೆ ಮೀಸಲು, ನಿಜ. ಆದರೆ ಅದರ ಬಂಡವಾಳ ಪಾಪ್. ಗಟ್ಟಿ ಗಿಟಾರಿಗೆ ಅಲ್ಲಿ ಸಿಕ್ಕಿದ್ದು ಒಪ್ಪೊತ್ತಿನ ಅತಿಥಿಯ ಜಾಗ.

ಏಕೆ ಹೀಗೆ ಎಂದು ತಿಳಿಯಲು ಗಾಳಿಯ ಒಡೆತನದ ಕಥೆಗೆ ಹೋಗಬೇಕು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಸಣ್ಣ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಬಂದದ್ದು ಅಲ್ಲಿಂದಲೇ. ಖಾಸಗಿ ಹುಮ್ಮಸ್ಸಿನಿಂದ ಹುಟ್ಟಿದ ಆ ಹೆಸರು ಮುಂದೆ ಸರ್ಕಾರದ ಏಕಸ್ವಾಮ್ಯದ ಹೆಸರಾಯಿತು. 1952ರಲ್ಲಿ ಪ್ರಸಾರ ಖಾತೆಯ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆ ಎಂದರೆ ಆಗುತ್ತಿರಲಿಲ್ಲ. ಶಾಸ್ತ್ರೀಯವೇ ಜನರ ಕಿವಿಗೆ ಬೀಳಬೇಕು ಎಂಬ ಹಟ. ಜನ ಏನು ಮಾಡಿದರು? ಮುಳ್ಳನ್ನು ರೇಡಿಯೊ ಸಿಲೋನಿಗೆ ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿಯನ್ನು ತೆರೆದು ಸರ್ಕಾರವೇ ಸೋಲೊಪ್ಪಿಕೊಂಡಿತು. ಕೇಳುಗನಿಗೆ ಬೇಕಾದದ್ದನ್ನು ಒಬ್ಬರು ಕೊಡದಿದ್ದರೆ ಅವನು ಇನ್ನೊಂದು ಕಡೆ ಹುಡುಕಿಕೊಳ್ಳುತ್ತಾನೆ ಎಂಬ ಪಾಠ ಆಗಲೇ ಸಿಕ್ಕಿತ್ತು. ಆದರೆ ಆಗಿನ ಅಡ್ಡಿ ಮಂತ್ರಿಯ ಅಭಿರುಚಿ. ಈಗಿನದು ಬೇರೆ.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ತರಂಗಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪಿತ್ತಿತು. ಓದಲು ಚೆಂದದ ತೀರ್ಪು. ಸಾರ್ವಜನಿಕ ಆಸ್ತಿಯನ್ನು ಸರ್ಕಾರ ಹಂಚಿದ ಬಗೆ ಮಾತ್ರ ಹರಾಜು. ಮೊದಲ ಹಂತದಲ್ಲಿ ಗೆದ್ದವರು ಪ್ರತಿವರ್ಷ ಶೇ 15ರಷ್ಟು ಏರುವ ನಿಗದಿತ ಶುಲ್ಕ ಕಟ್ಟಬೇಕಿತ್ತು. ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ 91 ಶುರುವಾದಾಗ ಊರಿಗೆ ಊರೇ ಹಬ್ಬದಂತೆ ಕೇಳಿತು. ಆದರೆ ಆ ಶುಲ್ಕದ ಭಾರಕ್ಕೆ ಹರಾಜು ಗೆದ್ದ ಹಲವರು ಸ್ಟೇಷನ್ ತೆರೆಯದೆಯೇ ಹಿಂದೆ ಸರಿದರು. 2005ರ ಎರಡನೇ ಹಂತದಲ್ಲಿ ಪದ್ಧತಿ ಬದಲಾಯಿತು: ಒಂದೇ ಸಲದ ಪ್ರವೇಶ ಶುಲ್ಕ, ಆಮೇಲೆ ವರಮಾನದ ಶೇ 4. ಆಗಲೇ ಬೆಂಗಳೂರಿನ ಜೊತೆ ಮೈಸೂರು, ಮಂಗಳೂರು, ಕಲಬುರಗಿಗಳಿಗೂ ಖಾಸಗಿ ಎಫ್‌ಎಂ ಬಂದದ್ದು. ಮೂರನೇ ಹಂತದ 2015ರ ಹರಾಜಿನಲ್ಲಿ ಬೆಂಗಳೂರಿನಲ್ಲಿ ಉಳಿದಿದ್ದ ಒಂದೇ ಒಂದು ಚಾನೆಲ್ ನೂರು ಕೋಟಿ ರೂಪಾಯಿಗೂ ಮಿಕ್ಕಿದ ಬೆಲೆಗೆ ಹೋಯಿತು.

ನೂರು ಕೋಟಿ ಕೊಟ್ಟು ಕೊಂಡ ಚಾನೆಲ್ಲಿನಲ್ಲಿ ಯಾರು ತಾನೇ ಬ್ಲ್ಯಾಕ್ ಸಬ್ಬತ್ ಹಾಕುತ್ತಾರೆ?

ಖಾಸಗಿ ರೇಡಿಯೊದ ಆದಾಯ ಬಹುಪಾಲು ಜಾಹೀರಾತು. ಜಾಹೀರಾತು ಕೊಡುವವನು ಕೇಳುಗರ ತಲೆ ಎಣಿಸುತ್ತಾನೆ. ರ‍್ಯಾಮ್ ಎಂಬ ಹೆಸರಿನ ಸಮೀಕ್ಷೆ ಬೆಂಗಳೂರು, ಮುಂಬೈ, ದೆಹಲಿ, ಕೋಲ್ಕತ್ತ ನಾಲ್ಕೇ ನಗರಗಳಲ್ಲಿ, ಮನೆಮನೆಗೆ ಡೈರಿ ಕೊಟ್ಟು ಯಾವ ಹೊತ್ತಿನಲ್ಲಿ ಯಾವ ಸ್ಟೇಷನ್ ಕೇಳಿದಿರಿ ಎಂದು ಬರೆಸಿಕೊಂಡು ನಡೆಯಿತು. ಈ ಲೆಕ್ಕದಲ್ಲಿ ಒಂದು ಬಗೆಯ ಸಂಗೀತವನ್ನು ಪ್ರಾಣದಂತೆ ಪ್ರೀತಿಸುವ ಒಬ್ಬನಿಗೂ, ಅಡುಗೆ ಮಾಡುತ್ತ ಹಿನ್ನೆಲೆಗೆ ರೇಡಿಯೊ ಹಾಕಿಕೊಂಡವರಿಗೂ ತೂಕ ಒಂದೇ. ಹಾಗಾಗಿ ಯಾರಿಗೂ ತೀರಾ ಬೇಡವಾಗದ ಹಾಡು ಗೆಲ್ಲುತ್ತದೆ. ಕೆಲವರಿಗೆ ಬೇಕೇಬೇಕಾದ ಹಾಡು ಸೋಲುತ್ತದೆ. ಒಂದೇ ಮಂದಿಯನ್ನು ಬೆನ್ನಟ್ಟುವ ಎಂಟು ಸ್ಟೇಷನ್‌ಗಳು ಒಂದೇ ಪಟ್ಟಿಯ ಹಾಡುಗಳನ್ನು ದಿನವಿಡೀ ತಿರುವಿ ಹಾಕುವುದರಲ್ಲಿ ಆಶ್ಚರ್ಯವೇನಿಲ್ಲ.

ಹಾರ್ಡ್ ರಾಕಿಗೆ ಅದರದೇ ಕೆಲವು ತೊಡಕುಗಳೂ ಇವೆ. ಹಲವು ಹಾಡುಗಳು ಉದ್ದ, ಏಳೆಂಟು ನಿಮಿಷದವೂ ಇವೆ. ಮೂರು ನಿಮಿಷದ ಹಾಡು, ಮಧ್ಯೆ ಚಿನ್ನದಂಗಡಿಯ ಜಾಹೀರಾತು, ಆಮೇಲೆ ಆರ್‌ಜೆಯ ತಮಾಷೆ ಎಂಬ ಅಚ್ಚಿಗೆ ಇದು ಕೂರುವುದಿಲ್ಲ. ಸೀರೆ, ಒಡವೆ, ಸೈಟು ಮಾರುವವರಿಗೆ ಬೇಕಾದ ಗಿರಾಕಿ ಈ ಹಾಡು ಬಂದೊಡನೆ ಸ್ಟೇಷನ್ ಬದಲಿಸಿಯಾರು ಎಂಬ ಭಯ ಬೇರೆ. ಖಾಸಗಿ ಎಫ್‌ಎಂಗೂ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಯೇ ಅನ್ವಯ. ಸಾವು, ಸೈತಾನ, ಮಾದಕವಸ್ತುಗಳ ಸುತ್ತ ಸುತ್ತುವ ಸಾಹಿತ್ಯವನ್ನು ಹಾಕಿ ನೋಟಿಸು ತರಿಸಿಕೊಳ್ಳುವ ಉಸಾಬರಿ ಯಾವ ಮ್ಯಾನೇಜರಿಗೆ ಬೇಕು?

ಇನ್ನು ಭಾಷೆಯ ಮಾತು. ಕನ್ನಡ ನಾಡಿನ ರಾಜಧಾನಿಯಲ್ಲಿ ಇಂಗ್ಲಿಷ್ ರಾಕಿಗೆ ಸ್ಟೇಷನ್ ಇಲ್ಲವೆಂದು ಅಳುವುದೇ ತಪ್ಪು ಎನ್ನುವವರಿದ್ದಾರೆ. ಅವರ ಸಿಟ್ಟಿಗೆ ಕಾರಣವಿದೆ. ಶುರುವಿನ ವರ್ಷಗಳಲ್ಲಿ ಬೆಂಗಳೂರಿನ ಖಾಸಗಿ ಎಫ್‌ಎಂನಲ್ಲಿ ಹಿಂದಿಯದೇ ದರ್ಬಾರು. ಕನ್ನಡ ಹಾಡು ಕೇಳುವವರಿಲ್ಲ, ಮಾರ್ಕೆಟ್ ಇಲ್ಲ ಎಂಬುದು ಆಗ ಸಿಗುತ್ತಿದ್ದ ಉತ್ತರ. ಕನ್ನಡ ಸಂಘಟನೆಗಳು ಬೀದಿಗಿಳಿದು ಕೇಳಬೇಕಾಯಿತು. 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಂತು. ಅದರ ನಿರ್ದೇಶಕ ಯೋಗರಾಜ ಭಟ್ಟರು ಬೆಳೆದದ್ದು ನಮ್ಮ ಆನವಟ್ಟಿಯ ಆಚೆ ಬದಿಯ ತಿಳವಳ್ಳಿಯಲ್ಲಿ ಎಂಬ ಸಣ್ಣ ಹೆಮ್ಮೆ ಈ ಕಡೆಯವರಿಗಿದೆ. ಆ ಹಾಡುಗಳ ಓಟದ ಮುಂದೆ ಮಾರ್ಕೆಟ್ಟಿನ ಮಾತು ಬಾಯಿ ಮುಚ್ಚಿತು, ಸ್ಟೇಷನ್‌ಗಳು ಒಂದೊಂದಾಗಿ ಕನ್ನಡಕ್ಕೆ ಹೊರಳಿದವು. ಒಳ್ಳೆಯದೇ ಆಯಿತು.

ಆದರೆ ಹೊರಳಿದ್ದು ಯಾವ ಕನ್ನಡಕ್ಕೆ? ಹೊಸ ಚಿತ್ರಗೀತೆಗೆ ಮಾತ್ರ. ಭಾವಗೀತೆ, ವಚನ, ತತ್ವಪದ, ರಂಗಗೀತೆ ಎಲ್ಲ ಹೊರಗೇ ಉಳಿದವು. ಶಿಶುನಾಳ ಶರೀಫರ ಪದಗಳಿಗೆ ಗಿಟಾರು, ಡ್ರಮ್ಮು ಕಟ್ಟಿ ಹಾಡಿದ ರಘು ದೀಕ್ಷಿತ್, ಕನ್ನಡದಲ್ಲೂ ಜಾನಪದ ರಾಕ್ ಕಟ್ಟಿದ ಸ್ವರಾತ್ಮ ಮುಂತಾದವರು ಹೆಸರು ಮಾಡಿದ್ದು ವೇದಿಕೆಗಳಿಂದ. ಸಿನಿಮಾದ ಹೆಬ್ಬಾಗಿಲಿನಿಂದ ಬಂದರೆ ಮಾತ್ರ ಎಫ್‌ಎಂನಲ್ಲಿ ಎಲೆ ಹಾಕುತ್ತಾರೆ. ಹಾಗಾಗಿ ಇದನ್ನು ಇಂಗ್ಲಿಷ್ ವಿರುದ್ಧ ಕನ್ನಡ ಎಂದು ನೋಡುವುದು ನನಗೆ ಒಪ್ಪಿಗೆಯಿಲ್ಲ. ಕಪ್ಪು ಬಟ್ಟೆ ತೊಟ್ಟ ಮೆಟಲ್ ಹುಡುಗನೂ, ತತ್ವಪದ ಹಾಡುವ ಮುದುಕನೂ ಒಂದೇ ಬಾಗಿಲ ಹೊರಗೆ ನಿಂತಿದ್ದಾರೆ.

ನಮ್ಮ ಜಡೆಯ ಕಡೆಯದೇ ಉದಾಹರಣೆ ಕೊಡುತ್ತೇನೆ. ದೀಪಾವಳಿ ಕಳೆದದ್ದೇ ಸೊರಬ, ಶಿಕಾರಿಪುರ, ಹಾನಗಲ್ಲು ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ಶುರು. ವರ್ಷವಿಡೀ ಹುರುಳಿ, ಹಿಂಡಿ ತಿನ್ನಿಸಿ ಸಾಕಿದ ಹೋರಿಯ ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು, ರಿಬ್ಬನ್ನು. ಅಖಾಡದಲ್ಲಿ ಅದು ನುಗ್ಗಿ ಬರುವಾಗ ಕೊಬ್ಬರಿ ಕಿತ್ತರೆ ಹುಡುಗರ ಗೆಲುವು, ಕೈಗೆ ಸಿಗದೆ ಓಡಿದರೆ ಹೋರಿಯದು. ಹೆಸರಾದ ಹೋರಿಗೆ ಸಿನಿಮಾ ನಾಯಕನಂತೆ ಅಭಿಮಾನಿ ಬಳಗ, ಫ್ಲೆಕ್ಸು, ಹೆಸರು ಬರೆಸಿದ ಟೀ ಶರ್ಟು. ಈಚೆಗೆ ಒಂದೊಂದು ಹೋರಿಗೂ ಅದರದೇ ಹಾಡು! ಹತ್ತಿರದ ಪೇಟೆಯ ಪುಟ್ಟ ಸ್ಟುಡಿಯೊದಲ್ಲಿ ಊರಿನ ಹುಡುಗನೇ ಬರೆದು, ಹಾಡಿ, ಎದೆಗೆ ಗುದ್ದುವಂಥ ಬೀಟು ಹಾಕಿಸಿರುತ್ತಾನೆ. ಹಾಡಿನಲ್ಲಿ ಹೋರಿಯ ಬಣ್ಣ, ಊರು, ಸಾಕಿದವರ ಮನೆತನ, ಎದುರಾಳಿಗೆ ಸವಾಲು ಎಲ್ಲ ಬರುತ್ತದೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಪೇರಿಸಿದ ಬಾಕ್ಸುಗಳಿಂದ ಅದು ಹೊರಟರೆ ಮನೆಯ ಹೆಂಚು ಗಲಗಲ ಅನ್ನುತ್ತದೆ. ಅದರ ಸದ್ದಿನ ಬಗ್ಗೆ ನನಗೆ ತಕರಾರಿದೆ. ಹಸುಗೂಸು, ಮುದುಕರಿರುವ ಮನೆಯ ಮುಂದೆ ಅಷ್ಟು ಬೇಡ. ಆದರೆ ಮೆಟಲ್ ಕಛೇರಿಗೆ ಹೋಗುವ ಅಣ್ಣನ ಮಗನಿಗೂ, ಹೋರಿ ಹಾಡಿಗೆ ಕುಣಿಯುವ ಅವನ ಜೊತೆಗಾರರಿಗೂ ಬೇಕಾದದ್ದು ಒಂದೇ ಎಂದು ಕಣ್ಣಾರೆ ಕಂಡಿದ್ದೇನೆ: ಗಟ್ಟಿ ಸದ್ದು, ತಮ್ಮದೇ ಬಳಗ, ಮೈ ಚೆಲ್ಲುವ ಆವೇಶ. ಈ ಹೋರಿ ಹಾಡುಗಳನ್ನು ಯೂಟ್ಯೂಬಿನಲ್ಲಿ ಜನ ಮುಗಿಬಿದ್ದು ನೋಡುತ್ತಾರೆ. ನಾನಂತೂ ರೇಡಿಯೊದಲ್ಲಿ ಒಂದನ್ನೂ ಕೇಳಿಲ್ಲ.

ಅಮೆರಿಕದಲ್ಲಿ ಇಂಥ ತೊಂದರೆ ಇರಲಾರದು ಎಂದುಕೊಂಡಿದ್ದರೆ ಅದೂ ಸುಳ್ಳು. ರಾಕ್ ಹುಟ್ಟಿ ಬೆಳೆದ ದೇಶದ ಮಹಾನಗರಗಳೇ ಅದನ್ನು ಎಫ್‌ಎಂನಿಂದ ಒಂದೊಂದಾಗಿ ಇಳಿಸಿದವು. ಲಾಸ್ ಏಂಜಲೀಸ್ ಸೀಮೆಯ ಮೆಟಲ್ ಸ್ಟೇಷನ್ ಕೆಎನ್ಎಸಿ 1995ರಲ್ಲಿ ಸ್ಪ್ಯಾನಿಷ್ ಸ್ಟೇಷನ್ನಿಗೆ ಜಾಗ ಬಿಟ್ಟಿತು. 1996ರಲ್ಲಿ ಅಲ್ಲಿನ ದೂರಸಂಪರ್ಕ ಕಾಯಿದೆ ಒಬ್ಬ ಮಾಲೀಕ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬೇಕೆಂಬ ಮಿತಿಯನ್ನು ಕಿತ್ತುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸಾವಿರಕ್ಕೂ ಹೆಚ್ಚು ಸ್ಟೇಷನ್‌ಗಳು ಬಂದವು. ಎಲ್ಲೋ ಕೂತವರು ಮಾಡಿದ ಹಾಡಿನ ಪಟ್ಟಿ ಊರೂರಿಗೆ ಹೋಗತೊಡಗಿತು. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕೆ-ರಾಕ್ ಬಿಸಿಬಿಸಿ ಪಾಪ್ ಸ್ಟೇಷನ್ನಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ, 1968ರಿಂದ ರಾಕ್ ಹಾಕುತ್ತಿದ್ದ ಬಾಸ್ಟನ್ನಿನ ಡಬ್ಲ್ಯುಬಿಸಿಎನ್ ಮುಚ್ಚಿತು; ಮಾಲೀಕರಿಗೆ ಕ್ರೀಡಾ ಹರಟೆಯ ಸ್ಟೇಷನ್ನಿಗೆ ಜಾಗ ಬೇಕಿತ್ತು. ಶಿಕಾಗೋದ 'ದಿ ಲೂಪ್' 2018ರಲ್ಲಿ ಕ್ರೈಸ್ತ ಭಕ್ತಿಗೀತೆಗಳ ಸಂಸ್ಥೆಗೆ ಮಾರಾಟವಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅಮೆರಿಕದ ನಡುಗಾತ್ರದ, ಕಾರ್ಖಾನೆ ಕೆಲಸಗಾರರ ಎಷ್ಟೋ ಊರುಗಳಲ್ಲಿ ರಾಕ್ ಸ್ಟೇಷನ್ ಇನ್ನೂ ಇದೆ. ನ್ಯೂಯಾರ್ಕಿನಲ್ಲಿ ರಾಕ್ ಪ್ರೇಮಿಗಳು ಕಡಿಮೆ ಎಂದಲ್ಲ. ತಲೆ ಎಣಿಸಿದರೆ ಅಲ್ಲೇ ಹೆಚ್ಚು. ಆದರೆ ನ್ಯೂಯಾರ್ಕಿನ ತರಂಗಾಂತರದ ಬೆಲೆಗೆ ಅವರ ಸಂಖ್ಯೆ ಸಾಲದು. ಬೆಂಗಳೂರಿನದೂ ಇದೇ ಲೆಕ್ಕ. ಊರು ದೊಡ್ಡದಾದಷ್ಟೂ ಗಾಳಿಯ ಬಾಡಿಗೆ ದುಬಾರಿ. ಬಾಡಿಗೆ ದುಬಾರಿಯಾದಷ್ಟೂ ವಿಚಿತ್ರ ರುಚಿಗೆ, ಹಟಮಾರಿ ಸಂಗೀತಕ್ಕೆ ಜಾಗವಿಲ್ಲ. ಕೇಸ್ಕರ್ ಕಾಲದಲ್ಲಿ ಮಂತ್ರಿ ಮಾಡಿದ ಕೆಲಸವನ್ನು ಈಗ ಹರಾಜಿನ ಮೊತ್ತ ಮಾಡುತ್ತಿದೆ.

ಬೇರೆ ದಾರಿಯೇ ಇಲ್ಲವೇ ಎಂದರೆ, ಇದೆ. ನಮ್ಮಲ್ಲೇ ನಡೆದು ತೋರಿಸಿದ್ದೂ ಇದೆ. ಬೆಂಗಳೂರು ಆಕಾಶವಾಣಿ ಶಾಸ್ತ್ರೀಯ ಸಂಗೀತಕ್ಕೆಂದೇ ಎಫ್‌ಎಂ 100.1ರಲ್ಲಿ ಅಮೃತವರ್ಷಿಣಿಯನ್ನು ತೆರೆಯಿತು. ಒಂದು ತಾಸಿನ ರಾಗಾಲಾಪನೆಯನ್ನು ಜಾಹೀರಾತಿಗಾಗಿ ತುಂಡರಿಸದೆ ಹಾಕುವ ಸ್ಟೇಷನ್ನನ್ನು ಯಾವ ಖಾಸಗಿಯವನೂ ನಡೆಸಲಾರ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗೆ ಮಾತ್ರ ಅದು ಸಾಧ್ಯ. ಇನ್ನೊಂದು ಪ್ರಯೋಗ ವರ್ಲ್ಡ್‌ಸ್ಪೇಸ್. ಉಪಗ್ರಹದಿಂದ ನೇರವಾಗಿ ಬರುತ್ತಿದ್ದ, ಚಂದಾ ಕಟ್ಟಿ ಕೇಳಬೇಕಿದ್ದ ರೇಡಿಯೊ ಅದು. ಕನ್ನಡಕ್ಕೆ 'ಸ್ಪರ್ಶ', ಕರ್ನಾಟಕ ಸಂಗೀತಕ್ಕೆ 'ಶ್ರುತಿ', ಹಿಂದೂಸ್ತಾನಿಗೆ 'ಗಾಂಧರ್ವ', ಜಾಝ್‌ಗೆ, ರಾಕ್‌ಗೆ ಬೇರೆ ಬೇರೆ ಚಾನೆಲ್. ಒಂದು ಜಾಹೀರಾತಿಲ್ಲ. ಕೇಳುಗನೇ ದುಡ್ಡು ಕೊಡುವುದರಿಂದ ಸಣ್ಣ ಗುಂಪಿಗೂ ಬೆಲೆ. ಮಾತೃಸಂಸ್ಥೆ 2008ರಲ್ಲಿ ದಿವಾಳಿಯಾಗಿ, 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತುಹೋಯಿತು. ಅದರ ಆಂಟೆನಾವನ್ನು ಎಸೆಯಲು ಮನಸ್ಸಾಗದೆ ಅಟ್ಟದ ಮೇಲೆ ಇಟ್ಟುಕೊಂಡವರನ್ನು ಬಲ್ಲೆ.

ಮೂರನೆಯದು ಸಮುದಾಯ ರೇಡಿಯೊ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಅನುಮತಿ ಸಿಕ್ಕಿತು. ಹರಾಜಿಲ್ಲ. ಶಕ್ತಿ 100 ವ್ಯಾಟ್, ದಾರಿ ಹತ್ತು ಹದಿನೈದು ಕಿಲೋಮೀಟರ್. ಬೆಂಗಳೂರಿನ ರೇಡಿಯೊ ಆ್ಯಕ್ಟಿವ್, ಮಂಗಳೂರು ಸಂತ ಅಲೋಶಿಯಸ್ ಸಂಸ್ಥೆಯ ಸಾರಂಗ್, ಶಿವಮೊಗ್ಗದ 90.8 ಎಲ್ಲ ಈ ಬಗೆಯವು. ಇವು ಆರೋಗ್ಯ, ಕೃಷಿ, ಶಿಕ್ಷಣಕ್ಕೇ ಒತ್ತು ಕೊಡುತ್ತವೆ, ಕೊಡಲಿ. ಆದರೆ ಕಾಲೇಜಿನ ಹುಡುಗರ ಬ್ಯಾಂಡು ನುಡಿಸಿದ್ದನ್ನು ಹಾಕಬಾರದೆಂದು ಯಾವ ನಿಯಮವೂ ಇಲ್ಲ.

ಮೊಬೈಲಿನಲ್ಲಿ ಎಲ್ಲ ಸಿಗುವಾಗ ರೇಡಿಯೊಗೆ ಏಕೆ ಗೋಗರೆಯಬೇಕು ಎಂಬುದು ಗಟ್ಟಿಯಾದ ಆಕ್ಷೇಪ. ಅಣ್ಣನ ಮಗನ ಫೋನಿನಲ್ಲಿ ಲೋಕದ ರಾಕ್ ಎಲ್ಲ ಇದೆ, ಒಪ್ಪಿದೆ. ಆದರೆ ಹುಡುಕಲು ಹೆಸರು ಗೊತ್ತಿರಬೇಕಲ್ಲ? ಗಂಗೂಬಾಯಿ ಹಾನಗಲ್ ಅವರ ದನಿಯನ್ನು ನಮ್ಮ ಹೋಬಳಿಯ ಎಷ್ಟೋ ಜನ ಹುಡುಕಿ ಕೇಳಿದವರಲ್ಲ. ಧಾರವಾಡ ಸ್ಟೇಷನ್ ಹಾಕಿತು, ಕಿವಿಗೆ ಬಿತ್ತು, ಕೆಲವರು ಅಲ್ಲೇ ನಿಂತರು. ಕೇಳದೆಯೇ ಬಂದು ಬೀಳುವ ಸಂಗೀತವನ್ನು ಕೊಡುವ ಶಕ್ತಿ ರೇಡಿಯೊಗಿದೆ. ಮೊಬೈಲು ನಾವು ನಿನ್ನೆ ಕೇಳಿದ್ದನ್ನೇ ಹೋಲುವುದನ್ನು ತಂದಿಡುತ್ತದೆ. ಎಂಟು ಸ್ಟೇಷನ್‌ಗಳು ಒಂದೇ ಹಾಡು ಹಾಕುತ್ತ ಕೂತರೆ ತಮ್ಮ ಈ ಒಂದು ಮೇಲುಗೈಯನ್ನೂ ತಾವೇ ಕಳೆದುಕೊಂಡಂತೆ.

ಜಾಗವೇ ಇಲ್ಲ ಎಂಬ ಮಾತನ್ನೂ ಪೂರ್ತಿ ನಂಬಬೇಕಿಲ್ಲ. ಒಂದು ಊರಿನಲ್ಲಿ ಎರಡು ಎಫ್‌ಎಂ ಚಾನೆಲ್‌ಗಳ ನಡುವೆ 800 ಕಿಲೋಹರ್ಟ್ಸ್ ಅಂತರ ಬಿಡುವುದು ನಮ್ಮಲ್ಲಿ ರೂಢಿ. ಅದನ್ನು 400ಕ್ಕೆ ಇಳಿಸಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2012ರಲ್ಲೇ ಶಿಫಾರಸು ಮಾಡಿದೆ. ಚಾನೆಲ್ ಹೆಚ್ಚಾದರೆ ಬೆಲೆ ಇಳಿದೀತು. ಇಳಿದ ಬೆಲೆಯಲ್ಲಿ ಸಣ್ಣ ರುಚಿಯವರಿಗೂ ಒಂದು ಬಾಗಿಲು ತೆರೆದೀತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಖಾಸಗಿ ಎಫ್‌ಎಂ ಇಲ್ಲದ 234 ಊರುಗಳಿಗೆ 730 ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಶಿವಮೊಗ್ಗವೂ ಇದೆ. ಎಫ್‌ಎಂ ಅಲೆ ನೇರ ದಾರಿಯದು, ಗುಡ್ಡ ಅಡ್ಡ ಬಂದರೆ ನಿಂತಿತು. ಹಾಗಾಗಿ ಅದು ಜಡೆಯವರೆಗೆ ಬರುವುದಿಲ್ಲ, ಆ ಆಸೆ ನಮಗಿಲ್ಲ. ಆದರೆ ಬೆಂಗಳೂರಿನ ಬೆಲೆ ಅಲ್ಲಿಲ್ಲವಾದ್ದರಿಂದ, ಡೊಳ್ಳಿಗೂ ಹೋರಿ ಹಾಡಿಗೂ ಗಿಟಾರಿಗೂ ಹೊತ್ತು ಕೊಡುವ ಧೈರ್ಯ ಅಲ್ಲಿನವರಿಗೆ ಇರಬೇಕು. ಬೆಂಗಳೂರಿನ ಪಟ್ಟಿಯನ್ನೇ ತಂದು ಶಿವಮೊಗ್ಗದಲ್ಲಿ ತಿರುಗಿಸುವುದಾದರೆ ಆ ಚಾನೆಲ್ ಬರುವುದೂ ಒಂದೇ, ಬಾರದಿರುವುದೂ ಒಂದೇ.

ಬೆಂಗಳೂರಿನ ರಾಕ್ ಪ್ರೇಮಿಗಳಿಗೂ ಒಂದು ಮಾತು. ಖಾಸಗಿಯವರನ್ನು ಕಾಯಬೇಡಿ, ಅವರ ಲೆಕ್ಕಕ್ಕೆ ನೀವು ಸಿಗುವುದಿಲ್ಲ. ಆಕಾಶವಾಣಿಯ ರೇನ್‌ಬೋ 101.3 ನಿಮ್ಮ ಊರಿನದೇ, ನಿಮ್ಮ ತೆರಿಗೆಯಿಂದಲೇ ನಡೆಯುವುದು. ರಾತ್ರಿ ಹತ್ತರಿಂದ ಹನ್ನೊಂದರವರೆಗೆ ವಾರಕ್ಕೊಂದು ದಿನ ಊರಿನ ರಾಕ್ ತಂಡಗಳಿಗೆ ಕೊಡಿ, ಕನ್ನಡದಲ್ಲಿ ನುಡಿಸುವವರಿಗೆ ಮೊದಲ ಪಾಳಿ ಇರಲಿ ಎಂದು ಕೇಳಿ. ಅರಮನೆ ಮೈದಾನದ ಒಂದು ಸಂಜೆಗೆ ಸಾವಿರಗಟ್ಟಲೆ ರೂಪಾಯಿ ಟಿಕೆಟ್ ಕೊಳ್ಳುವವರು ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಗೆ ಒಂದು ಅರ್ಜಿ ಬರೆಯಲು ಅರ್ಧ ಗಂಟೆ ಕೊಡಲಿ, ಸಹಿಗಳ ಜೊತೆ.